ಕಿಲ್ಟಿನ ನೆರಿಗೆಯೊಳಗೆ ಒಂದಿಷ್ಟು ಇತಿಹಾಸ

ಗ್ಲಾಸ್ಗೋ ನಗರದಲ್ಲಿ ನೆಲೆಸಿರುವ ನನ್ನ ಹಳೆಯ ಶಿಷ್ಯನೊಬ್ಬ ಈಚೆಗೆ ಪತ್ರ ಬರೆದು ಸಲಹೆ ಕೇಳಿದ್ದಾನೆ. ಅವನ ಮಗಳಿಗೆ ಅಲ್ಲಿಯ ವರನೊಡನೆ ವಿವಾಹ ನಿಶ್ಚಯವಾಗಿದೆ. ಬೀಗರು ತಮ್ಮ ಮನೆಯ ಹಳೆಯ ಕಿಲ್ಟೊಂದನ್ನು ಕೊಟ್ಟು, ಮದುವೆಯ ದಿನ ಇದನ್ನೇ ಉಡಬೇಕೆಂದು ಪ್ರೀತಿಯಿಂದ ಹೇಳಿದ್ದಾರಂತೆ. "ಮೇಷ್ಟ್ರೇ, ಇನ್ನೊಬ್ಬರ ಕುಲದ ಗುರುತನ್ನು ನಾನು ಸೊಂಟಕ್ಕೆ ಸುತ್ತಿಕೊಳ್ಳುವುದು ಸರಿಯೇ? ಬೇರೆ ಹೊಸದನ್ನು ಕೊಳ್ಳಲೇ?" ಎಂಬುದು ಅವನ ಪ್ರಶ್ನೆ. ಇತಿಹಾಸ ಕಲಿಸಿದವನಿಗೆ ಬಟ್ಟೆಯ ವಿಚಾರವೇಕೆ ಎಂದು ನೀವು ನಗಬಹುದು. ಆದರೆ ಈ ಪ್ರಶ್ನೆಗೆ ಉತ್ತರವಿರುವುದು ಇತಿಹಾಸದಲ್ಲಿಯೇ.

ಟಾರ್ಟನ್ ಎಂಬುದು ಉಡುಪಲ್ಲ, ನೇಯ್ಗೆ. ಹಾಸಿನಲ್ಲಿ ಬಣ್ಣದ ಎಳೆಗಳು ಯಾವ ಕ್ರಮದಲ್ಲಿರುವುವೋ ಸಾಮಾನ್ಯವಾಗಿ ಹೊಕ್ಕಿನಲ್ಲಿಯೂ ಅದೇ ಕ್ರಮ. ಕೆಂಪು ಹಸಿರನ್ನು ಸಂಧಿಸಿದಲ್ಲಿ ಎರಡೂ ಬೆರೆತ ಮೂರನೆಯ ಛಾಯೆ ಹುಟ್ಟುತ್ತದೆ. ಕಿಲ್ಟ್ ಎಂಬುದು ಆ ಬಟ್ಟೆಯಿಂದಾದ, ಹಿಂಭಾಗದಲ್ಲಿ ನೆರಿಗೆ ಹಿಡಿದು ಹೊಲಿದ ಉಡುಪು. ಸಾಂಪ್ರದಾಯಿಕ ಕಿಲ್ಟಿಗೆ ಎಂಟು ಗಜ, ಅಂದರೆ ನಮ್ಮ ಲೆಕ್ಕದಲ್ಲಿ ಹದಿನಾರು ಮೊಳ ಬಟ್ಟೆ ಬೇಕು. ನಮ್ಮ ಅಜ್ಜಿಯರ ಹದಿನೆಂಟು ಮೊಳದ ಸೀರೆಗೆ ಎರಡೇ ಮೊಳ ಕಡಿಮೆ! ಆರಂಭದಲ್ಲಿ ಇದಕ್ಕೆ ಹೊಲಿಗೆಯೇ ಇರಲಿಲ್ಲ. ಸ್ಕಾಟ್ಲೆಂಡಿನ ಮಲೆನಾಡಿಗರು ಉದ್ದನೆಯ ಕಂಬಳಿಯಂಥ ವಸ್ತ್ರವನ್ನು ನೆರಿಗೆ ಹಿಡಿದು ಸೊಂಟಪಟ್ಟಿಯಿಂದ ಬಿಗಿದು, ಉಳಿದುದನ್ನು ಹೆಗಲ ಮೇಲೆ ಹಾಕಿಕೊಳ್ಳುತ್ತಿದ್ದರು. ಮೇಲಿನ ಭಾಗವನ್ನು ತೆಗೆದುಹಾಕಿದ ಗಿಡ್ಡ ಕಿಲ್ಟು ಬಳಕೆಗೆ ಬಂದುದು 18ನೆಯ ಶತಮಾನದಲ್ಲಿ.

ಇನ್ನು ಕುಲದ ಮಾತು. ಒಂದೊಂದು ಕುಲಕ್ಕೂ ಅನಾದಿಯಿಂದ ಒಂದೊಂದು ಚೌಕುಳಿ ಮೀಸಲೆಂಬ ನಂಬಿಕೆ ಲೋಕದಲ್ಲೆಲ್ಲ ಹರಡಿದೆ. ಆದರೆ 1745ರ ದಂಗೆಯನ್ನು ಕುರಿತು ಡೇವಿಡ್ ಮೋರಿಯರ್ ಬರೆದ ಚಿತ್ರದಲ್ಲಿ ಒಬ್ಬನೇ ಯೋಧನ ಮೈಮೇಲೆ ಬೇರೆ ಬೇರೆ ಚೌಕುಳಿಗಳಿವೆ. 1746ರಲ್ಲಿ ಕಲೋಡನ್ ಕಾಳಗದಲ್ಲಿ ದಂಗೆ ಮುರಿದುಬಿದ್ದ ಬಳಿಕ ಬ್ರಿಟಿಷ್ ಸಂಸತ್ತು ಈ ಉಡುಪನ್ನೇ ನಿಷೇಧಿಸಿತು. ಉಟ್ಟು ಸಿಕ್ಕಿಬಿದ್ದವನಿಗೆ ಮೊದಲ ಸಲ ಆರು ತಿಂಗಳ ಸೆರೆ, ಎರಡನೆಯ ಸಲ ಏಳು ವರ್ಷ ಕಡಲಾಚೆಗೆ ಗಡೀಪಾರು. ಸೈನಿಕರಿಗೆ ಮಾತ್ರ ವಿನಾಯಿತಿ. ತಾತನ ಉಡುಗೆಯನ್ನು ಉಡಬೇಕಾದರೆ ಅದೇ ದೊರೆಯ ಸೈನ್ಯಕ್ಕೆ ಸೇರಬೇಕು. ಇಂಥ ಕಾನೂನಿನ ಜಾಣತನಕ್ಕೆ ಏನನ್ನಬೇಕೋ ತಿಳಿಯದು.

ಇಲ್ಲಿ ನಮ್ಮ ನಾಡಿನ ಎಳೆಯೂ ಸೇರಿಕೊಳ್ಳುತ್ತದೆ. ಆ ದಂಗೆಯಲ್ಲಿ ತಂದೆಯೊಡನೆ ಸೆರೆಸಿಕ್ಕಿ ಕ್ಷಮೆ ಪಡೆದಿದ್ದ ಲಾರ್ಡ್ ಮೆಕ್ಲಾಡ್, ಮುಂದೆ ಅದೇ ಸರ್ಕಾರಕ್ಕಾಗಿ ಮಲೆನಾಡಿಗರ ಪಡೆಯೊಂದನ್ನು ಕಟ್ಟಿದನು. ಆ ಪಡೆಯ ಕ್ಯಾಪ್ಟನ್ ಡೇವಿಡ್ ಬೇರ್ಡ್ 1780ರಲ್ಲಿ ಪೊಳ್ಳಿಲೂರಿನಲ್ಲಿ ಹೈದರಾಲಿಯ ಸೈನ್ಯಕ್ಕೆ ಸೆರೆಸಿಕ್ಕು ಶ್ರೀರಂಗಪಟ್ಟಣದ ಬಂದೀಖಾನೆ ಸೇರಿದನು. 1782ರಲ್ಲಿ ಅವನ ನಾಡಿನಲ್ಲಿ ಉಡುಪಿನ ನಿಷೇಧ ರದ್ದಾದಾಗ ಅವನಿನ್ನೂ ನಮ್ಮ ಕಾವೇರಿಯ ದಂಡೆಯಲ್ಲಿಯೇ ಬಂದಿಯಾಗಿದ್ದನು, ಬಿಡುಗಡೆಯಾದುದು 1784ರಲ್ಲಿ. 1799ರ ಮೇ 4ರಂದು ಕೋಟೆಗೆ ಲಗ್ಗೆಯಿಟ್ಟ ಪಡೆಯ ನಾಯಕನೂ ಅವನೇ. ತರಗತಿಯಲ್ಲಿ ನಾಲ್ಕನೆಯ ಮೈಸೂರು ಯುದ್ಧದ ಪಾಠ ಕೇಳಿದವರಿಗೆ ಆ ಹೆಸರು ನೆನಪಿರಬೇಕು.

ನಿಷೇಧ ಹೋದರೂ ಉಡುಪಿಗೆ ಮರ್ಯಾದೆ ಬಂದುದು 1822ರಲ್ಲಿ, ನಾಲ್ಕನೆಯ ಜಾರ್ಜ್ ದೊರೆ ಎಡಿನ್‌ಬರೋ ನಗರಕ್ಕೆ ಬಂದಾಗ. ಆ ಉತ್ಸವದ ಸೂತ್ರಧಾರ ಕಾದಂಬರಿಕಾರ ವಾಲ್ಟರ್ ಸ್ಕಾಟ್. ದೊರೆ ಕಿಲ್ಟನ್ನು ಉಟ್ಟು, ಬರಿಗಾಲು ಕಾಣದಂತೆ ಮೈಬಣ್ಣದ ಕಾಲುಚೀಲ ತೊಟ್ಟಿದ್ದನು. ಗಣ್ಯರೆಲ್ಲರಿಗೂ ತಮ್ಮ ಕುಲದ ಟಾರ್ಟನ್ ಬೇಕೆನಿಸಿತು. ಬ್ಯಾನಕ್‌ಬರ್ನಿನ ವಿಲ್ಸನ್ ನೇಯ್ಗೆಯವರ 1819ರ ಪುಸ್ತಕದಲ್ಲಿ ಇನ್ನೂರಕ್ಕೂ ಹೆಚ್ಚು ವಿನ್ಯಾಸಗಳು ಸಿದ್ಧವಾಗಿದ್ದವು. ಮೊದಲು ಬರಿಯ ಸಂಖ್ಯೆಯಿಂದ ಕರೆಯುತ್ತಿದ್ದ ಕೆಲವಕ್ಕೆ ಬಳಿಕ ಕುಲದ ಹೆಸರು ಅಂಟಿಕೊಂಡಿತು. 1842ರಲ್ಲಿ ಇಬ್ಬರು ಸೋದರರು ಪ್ರಾಚೀನ ಹಸ್ತಪ್ರತಿಯ ಆಧಾರವಿದೆಯೆಂದು ಒಂದು ಗ್ರಂಥವನ್ನೇ ಪ್ರಕಟಿಸಿದರು. ಅದು ಕೃತಕವೆಂದು ವಿದ್ವಾಂಸರು ತೋರಿಸಿಕೊಟ್ಟರೂ ಅದರೊಳಗಿನ ವಿನ್ಯಾಸಗಳು ಇಂದಿಗೂ ಅಂಗಡಿಯಲ್ಲಿವೆ. ಹಾಗೆಂದು ಇದೆಲ್ಲ ಸುಳ್ಳೆಂದು ತಳ್ಳಿಹಾಕಲು ನಾನು ಒಪ್ಪುವುದಿಲ್ಲ. ಇನ್ನೂರು ವರ್ಷ ಮದುವೆಗೂ ಮಸಣಕ್ಕೂ ಉಟ್ಟು ಹೋದ ಬಟ್ಟೆ ಅಷ್ಟರಮಟ್ಟಿಗೆ ನಿಜವೇ ಆಗಿದೆ.

ಆದ್ದರಿಂದ ಶಿಷ್ಯನಿಗೆ ನನ್ನ ಉತ್ತರ: ಕುಲದ ಟಾರ್ಟನ್ನನ್ನು ಹೊರಗಿನವನು ಉಡಬಾರದೆಂಬ ಕಾನೂನಿಲ್ಲ. ರಾಜಮನೆತನಕ್ಕೆ ಮೀಸಲಾದ ಬಾಲ್ಮೋರಲ್ ವಿನ್ಯಾಸದಂಥದನ್ನು ಮಾತ್ರ ಸಂಪ್ರದಾಯವರಿತು ಬಿಡಬೇಕು. ಉಳಿದಂತೆ, ಕುಲದವರೇ ಕರೆದು ಕೊಟ್ಟಾಗ ಸಂಕೋಚವೇಕೆ? ಹೊಸದೇ ಬೇಕೆಂದರೆ ಎಲ್ಲರಿಗೂ ಸಲ್ಲುವ ಬ್ಲ್ಯಾಕ್ ವಾಚ್ ಇದೆ, ಊರು ಸೀಮೆಗಳ ಹೆಸರಿನವೂ ಇವೆ. ಕೊಳ್ಳುವಾಗ 'ಏನ್ಷಂಟ್' ಎಂಬ ಪದಕ್ಕೆ ಮೋಸಹೋಗಬಾರದು. ಅದು ವಿನ್ಯಾಸದ ವಯಸ್ಸಲ್ಲ, ಗಿಡಮೂಲಿಕೆಯ ಹಳೆಯ ಬಣ್ಣವನ್ನು ಹೋಲುವ ತಿಳಿಛಾಯೆ. 'ಮಾಡರ್ನ್' ಎಂದರೆ ಗಾಢ ಛಾಯೆ. ತೂಕದ ಉಣ್ಣೆಯಾದರೆ ನೆರಿಗೆ ಚೆನ್ನಾಗಿ ನಿಲ್ಲುತ್ತದೆ.

ಆದರೂ ನಾನಾದರೆ ಹಳೆಯದನ್ನೇ ಶುಚಿಮಾಡಿ ಉಡುತ್ತಿದ್ದೆ. ಮೊದಲು ಬಿಸಿಲು ನೇರವಾಗಿ ಬೀಳದ ಕಡೆ ಗಾಳಿಗೆ ಹಾಕಿ, ಮೃದುವಾದ ಬ್ರಷ್ಷಿನಿಂದ ನೆರಿಗೆಯ ಒಳಗಿನ ಧೂಳನ್ನೂ ನುಸಿಯ ಮೊಟ್ಟೆಯನ್ನೂ ತೆಗೆಯಬೇಕು. ಅನೇಕ ವೇಳೆ ಇಷ್ಟೇ ಸಾಕು. ಒಗೆಯಲೇಬೇಕೆಂದರೆ, ಒಳಮೈಯ ಒಂದು ಮೂಲೆಗೆ ಒದ್ದೆಯ ಬಿಳಿಬಟ್ಟೆ ಒತ್ತಿ ಬಣ್ಣ ಬಿಡುವುದೋ ನೋಡಬೇಕು. ಬಿಟ್ಟರೆ ಪರಿಣತರ ಡ್ರೈಕ್ಲೀನಿಂಗೇ ಗತಿ. ಬಿಡದಿದ್ದರೆ ಪ್ರತಿಯೊಂದು ನೆರಿಗೆಯನ್ನೂ ಕೆಳಗಿನವರೆಗೆ ಕಚ್ಚಾ ಹೊಲಿಗೆ ಹಾಕಿ ಹಿಡಿದು, ತೊಗಲಿನ ಪಟ್ಟಿಗಳನ್ನು ಆದಷ್ಟೂ ನೆನೆಯದಂತೆ ಕಾಪಾಡಿ, ತಣ್ಣೀರಿನಲ್ಲಿ ಉಣ್ಣೆಗೆಂದೇ ಇರುವ ಸೌಮ್ಯವಾದ ಸಾಬೂನಿನಿಂದ ಅದ್ದಿ ತೆಗೆಯಬೇಕು. ಉಜ್ಜಬಾರದು, ಹಿಂಡಬಾರದು, ಬಿಸಿನೀರು ಸೋಕಿದರೆ ಉಣ್ಣೆ ಕುಗ್ಗೀತು. ಟವೆಲಿನ ಮೇಲೆ ಹರಡಿ ನೆರಳಿನಲ್ಲಿ ಒಣಗಿಸಿ, ಒದ್ದೆಬಟ್ಟೆ ಹಾಸಿ ಇಸ್ತ್ರಿಯನ್ನು ಎಳೆಯದೆ ಒತ್ತಿ ಒತ್ತಿ ಎತ್ತಬೇಕು. ಆ ಬಳಿಕವೇ ಕಚ್ಚಾ ಹೊಲಿಗೆ ಬಿಚ್ಚುವುದು. ಮದುವೆಯ ಗಡಿಬಿಡಿಯಲ್ಲಿ ಆ ದಾರ ತೆಗೆಯಲು ಮರೆತರೆ ಮಂಟಪದಲ್ಲಿ ಹೆಜ್ಜೆಯಿಡುವುದು ಕಷ್ಟವಾದೀತು.