ಜೀಪು, ಥಾರ್, ಜಿಮ್ನಿಗೆ ಸಸ್ಪೆನ್ಷನ್ ಬದಲಾಯಿಸೋ ಮುಂಚೆ ಗೊತ್ತಿರಬೇಕಾದ್ದು

ಮಳೆ ಮುಗಿದು ಕಾಫಿ ಕೊಯ್ಲಿಗೆ ಇನ್ನೂ ಸ್ವಲ್ಪ ದಿನ ಇರುವಾಗ ಮಲೆನಾಡಿನ ಗ್ಯಾರೇಜ್‌ಗಳಿಗೆ ಜೀಪುಗಳು ಬರಲು ಶುರುವಾಗುತ್ತವೆ. ತೋಟದ ರಸ್ತೆಯಲ್ಲಿ ಮೂರ್ನಾಲ್ಕು ತಿಂಗಳು ಕೆಸರು, ಕಲ್ಲು, ಗುಂಡಿ ತಿಂದ ಗಾಡಿಯ ಕೆಳಭಾಗ ಆ ಹೊತ್ತಿಗೆ ಸಡಿಲ ಆಗಿರುತ್ತೆ. ಆಗ ಎಲ್ಲರ ಬಾಯಲ್ಲೂ ಒಂದೇ ಮಾತು: 'ಸಸ್ಪೆನ್ಷನ್ ಅಪ್‌ಗ್ರೇಡ್ ಮಾಡಿಸ್ಬೇಕು, ಎರಡು ಇಂಚು ಎತ್ತರಿಸ್ಬೇಕು.'

ಕೇಳುವವರು ಒಂದೇ ತರದವರಲ್ಲ. ಮೂಟೆ ಹೊರುವ ತೋಟದವರು ಒಂದು ಕಡೆ. ಮಾಂದಲ್‌ಪಟ್ಟಿ, ಕೊಡಚಾದ್ರಿ ಕಡೆ ಪ್ರವಾಸಿಗರನ್ನು ಹತ್ತಿಸಿಕೊಂಡು ಹೋಗುವ ಬಾಡಿಗೆ ಜೀಪಿನವರು ಇನ್ನೊಂದು ಕಡೆ. ಹೊಸ ಥಾರ್ ತಗೊಂಡು ಭಾನುವಾರ ಗುಡ್ಡ ಹತ್ತುವ ಹುಡುಗರು ಮೂರನೇ ಗುಂಪು. ಈ ಮೂವರಿಗೂ ಬೇಕಾದ ಸಸ್ಪೆನ್ಷನ್ ಬೇರೆ ಬೇರೆ. ಒಬ್ಬರು ಹಾಕಿಸಿದ್ದನ್ನು ನೋಡಿ ಇನ್ನೊಬ್ಬರು ಹಾಕಿಸಿದರೆ ದುಡ್ಡೂ ಹೋಗುತ್ತೆ, ಗಾಡಿನೂ ಕೆಡುತ್ತೆ.

ಯಾವ ಗಾಡಿ ಕೆಳಗೆ ಏನಿದೆ

ಹಳೇ ಮಹೀಂದ್ರಾ ಜೀಪು, ಎಂಎಂ 540, ಮಾರುತಿ ಜಿಪ್ಸಿ, ಇವಕ್ಕೆ ನಾಲ್ಕೂ ಕಡೆ ಲೀಫ್ ಸ್ಪ್ರಿಂಗ್. ಅಂದ್ರೆ ಲಾರಿಗಿರುವ ತರ ಒಂದರ ಮೇಲೊಂದು ಜೋಡಿಸಿದ ಪ್ಲೇಟ್ ಕಟ್ಟು. 2010ರಲ್ಲಿ ಬಂದ ಥಾರ್‌ನ ಸಿಆರ್‌ಡಿಇ ಮಾದರಿಗೆ ಮುಂದೆ ಟಾರ್ಶನ್ ಬಾರ್, ಹಿಂದೆ ಪ್ಲೇಟು. 2020ರ ಥಾರ್‌ಗೆ ನಾಲ್ಕೂ ಕಡೆ ಕಾಯಿಲ್ ಸ್ಪ್ರಿಂಗ್ ಬಂತು, ಆದರೆ ಮುಂದಿನ ಎರಡು ಚಕ್ರ ಬೇರೆ ಬೇರೆಯಾಗಿ ಆಡುತ್ತವೆ, ಹಿಂದೆ ಮಾತ್ರ ಒಂದೇ ಗಟ್ಟಿ ಆಕ್ಸಲ್. 2023ರ ಜಿಮ್ನಿಗೆ ಕಾಯಿಲ್ ಇದ್ದರೂ ಮುಂದೆ ಹಿಂದೆ ಎರಡೂ ಕಡೆ ಗಟ್ಟಿ ಆಕ್ಸಲ್. ಬೊಲೆರೊ ಪಿಕಪ್ ಹಿಂಭಾಗ ಪ್ಲೇಟು.

ಇದು ಗೊತ್ತಿಲ್ಲದೆ 'ನನ್ನ ಗಾಡಿಗೂ ಅದೇ ಹಾಕಿ' ಅನ್ನೋದು ಸರಿ ಅಲ್ಲ. ಜಿಪ್ಸಿಗೆ ಆಗುವ ಕೆಲಸ ಥಾರ್‌ಗೆ ಆಗಲ್ಲ.

ಮೊದಲು ಹಳೇದು ನೋಡಿ

'ಅಪ್‌ಗ್ರೇಡ್' ಅಂತ ಬರುವ ಎಷ್ಟೋ ಗಾಡಿಗಳಿಗೆ ನಿಜವಾಗಿ ಬೇಕಿರುವುದು ರಿಪೇರಿ. ಸ್ಟೀರಿಂಗ್ ಎಳೆಯುತ್ತೆ, ಗುಂಡಿಗೆ ಬಿದ್ದಾಗ ಕಬ್ಬಿಣ ಕಬ್ಬಿಣಕ್ಕೆ ಹೊಡೆದ ಸದ್ದು ಬರುತ್ತೆ, ಗಾಡಿ ಒಂದು ಪಕ್ಕ ವಾಲಿ ನಿಲ್ಲುತ್ತೆ ಅಂದ್ರೆ ಮೊದಲು ಬುಷ್ ನೋಡಿ. ಪ್ಲೇಟಿನ ಕಣ್ಣಿನಲ್ಲಿ, ಶಾಕಲ್‌ನಲ್ಲಿ ಇರುವ ರಬ್ಬರ್ ಬುಷ್ ಚಿಕ್ಕ ಸಾಮಾನು. ಅದು ಸವೆದರೆ ಇಡೀ ಆಕ್ಸಲ್ ಅರ್ಧ ಬೆರಳಷ್ಟು ಆಚೀಚೆ ಓಡಾಡುತ್ತೆ. ಹೊಸ ಸ್ಪ್ರಿಂಗ್ ಹಾಕಿ ಹಳೇ ಬುಷ್ ಉಳಿಸಿದರೆ ತೊಂದರೆ ಅಲ್ಲೇ ಇರುತ್ತೆ.

ಸಮತಟ್ಟಾದ ಜಾಗದಲ್ಲಿ, ನಾಲ್ಕೂ ಟಯರಿಗೆ ಸರಿಯಾಗಿ ಗಾಳಿ ಹಾಕಿ ಗಾಡಿ ನಿಲ್ಲಿಸಿ. ಚಕ್ರದ ನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ಟೇಪ್ ಹಿಡಿದು ನಾಲ್ಕೂ ಕಡೆ ಅಳತೆ ಬರೆದಿಟ್ಟುಕೊಳ್ಳಿ. ಎಡ ಬಲಕ್ಕೆ ವ್ಯತ್ಯಾಸ ಇದ್ದರೆ ಒಂದು ಕಡೆ ಕಟ್ಟು ಕುಸಿದಿದೆ, ಇಲ್ಲವೇ ಪ್ಲೇಟ್ ತುಂಡಾಗಿದೆ. ಪ್ಲೇಟಿನ ಬಿರುಕು ಕೆಸರಿನಡಿ ಕಾಣಲ್ಲ, ತೊಳೆದ ಮೇಲೇ ನೋಡಬೇಕು. ಮಧ್ಯದ ಸೆಂಟರ್ ಬೋಲ್ಟ್ ಹತ್ತಿರ ವಿಶೇಷವಾಗಿ ನೋಡಿ. ಆ ಬೋಲ್ಟ್ ತುಂಡಾದರೆ ಆಕ್ಸಲ್ ಜಾಗ ಬಿಟ್ಟು ಹಿಂದೆ ಸರಿಯುತ್ತೆ, ಗಾಡಿ ಓರೆಯಾಗಿ ಓಡುತ್ತೆ.

ತುಂಡಾದ ಪ್ಲೇಟಿಗೆ ವೆಲ್ಡಿಂಗ್ ಮಾಡಿಸುವುದು ನಮ್ಮ ಕಡೆ ಇನ್ನೂ ಇದೆ. ಇದನ್ನು ಯಾರೂ ಮಾಡಿಸಬಾರದು. ಸ್ಪ್ರಿಂಗ್ ಉಕ್ಕು ಹದ ಹಾಕಿದ ಉಕ್ಕು. ವೆಲ್ಡಿಂಗ್ ಬಿಸಿಗೆ ಆ ಹದ ಹೋಗಿ, ಪಕ್ಕದಲ್ಲೇ ಮತ್ತೆ ಬಿರಿಯುತ್ತೆ. ಮೂಟೆ ತುಂಬಿ ಇಳಿಜಾರಿನಲ್ಲಿ ಬರುವಾಗ ಬಿರಿದರೆ ಏನಾಗುತ್ತೆ ಅಂತ ಹೇಳಬೇಕಾಗಿಲ್ಲ.

ಪ್ಲೇಟ್ ಕಟ್ಟಿನ ಕೆಲಸಗಳು

ಕುಸಿದ ಪ್ಲೇಟನ್ನು ಬಡಿದು ಮತ್ತೆ ಬಿಲ್ಲಿನಂತೆ ಬಾಗಿಸುವುದು ಎಲ್ಲಕ್ಕಿಂತ ಅಗ್ಗ. ಲಾರಿ ಸ್ಪ್ರಿಂಗ್ ಕೆಲಸದವರು ಇದನ್ನು ಮಾಡಿಕೊಡುತ್ತಾರೆ. ಆದರೆ ದಣಿದ ಉಕ್ಕು ದಣಿದದ್ದೇ. ಒಂದೆರಡು ಮಳೆಗಾಲಕ್ಕೆ ಮತ್ತೆ ಕೂರುತ್ತೆ. ಹಳೇ ಜೀಪು, ಕಡಿಮೆ ಓಡಾಟ ಅಂದ್ರೆ ಇಷ್ಟು ಸಾಕು.

ಎರಡನೇದು ಒಂದು ಪ್ಲೇಟ್ ಜಾಸ್ತಿ ಹಾಕುವುದು. ಲೆಕ್ಕ ನೋಡಿ. ಐವತ್ತು ಕೆಜಿಯ ಹತ್ತು ಮೂಟೆ ಅಂದ್ರೆ 500 ಕೆಜಿ. ಆ ಭಾರಕ್ಕೆ ಸರಿಹೋಗುವ ಹಾಗೆ ಕಟ್ಟನ್ನು ಗಟ್ಟಿ ಮಾಡಿದರೆ, ಮೂಟೆ ಇಳಿಸಿ ವಾಪಸ್ ಬರುವಾಗ ಹಿಂದಿನ ಚಕ್ರ ನೆಲ ಕಚ್ಚಲ್ಲ, ಕುಣಿಯುತ್ತೆ. ಖಾಲಿ ಗಾಡಿಗೆ ಒದ್ದೆ ರಸ್ತೆಯಲ್ಲಿ ಬ್ರೇಕ್ ಹೊಡೆದಾಗ ಹಿಂಭಾಗ ಜಾರುವುದಕ್ಕೆ ಇದೂ ಒಂದು ಕಾರಣ. ದಿನಾ ಭಾರ ಹೊರುವ ಗಾಡಿಗೆ ಮಾತ್ರ ಇದು ಸರಿ. ಅದಕ್ಕಿಂತ ಒಳ್ಳೇದು ಹೆಲ್ಪರ್ ಪ್ಲೇಟ್. ಅದು ಖಾಲಿ ಇರುವಾಗ ಸುಮ್ಮನಿದ್ದು, ಭಾರ ಬಿದ್ದಾಗ ಮಾತ್ರ ತಾಗುತ್ತೆ. ಅಂಗಡಿ ಸಾಮಾನಿಗೆ ಪಿಕಪ್ ಇಟ್ಟುಕೊಂಡವರು ಒಂದು ವಿಷಯ ಮರೆಯಬಾರದು: ಪ್ಲೇಟ್ ಎಷ್ಟೇ ಹಾಕಿಸಿದರೂ ಆರ್‌ಸಿಯಲ್ಲಿ ಬರೆದ ಭಾರ ಜಾಸ್ತಿ ಆಗಲ್ಲ. ಬ್ರೇಕು, ಆಕ್ಸಲ್, ಬೇರಿಂಗ್ ಎಲ್ಲಾ ಹಳೇ ಲೆಕ್ಕದವೇ.

ಮೂರನೇದು ಉದ್ದ ಶಾಕಲ್. ಸುಲಭ, ಅಗ್ಗ, ಅದಕ್ಕೇ ಜನಪ್ರಿಯ. ಶಾಕಲ್ ಎರಡು ಇಂಚು ಉದ್ದ ಮಾಡಿದರೆ ಗಾಡಿ ಏಳುವುದು ಸುಮಾರು ಒಂದೇ ಇಂಚು, ಯಾಕಂದ್ರೆ ಪ್ಲೇಟಿನ ಒಂದು ತುದಿ ಮಾತ್ರ ಸರಿಯುತ್ತೆ. ಜೊತೆಗೆ ಆಕ್ಸಲ್ ಸ್ವಲ್ಪ ತಿರುಗುತ್ತೆ. ಮುಂದಿನ ಆಕ್ಸಲ್ ತಿರುಗಿದರೆ ಕ್ಯಾಸ್ಟರ್ ಕೋನ ಕೆಟ್ಟು ಸ್ಟೀರಿಂಗ್ ತಾನಾಗಿ ನೇರಕ್ಕೆ ಬರಲ್ಲ. ತುಂಬಾ ಉದ್ದದ ಶಾಕಲ್ ಹಾಕಿದ ಜೀಪು ಹೈವೇಯಲ್ಲಿ ಎಲ್ಲೆಲ್ಲೋ ತೇಲಿಕೊಂಡು ಹೋಗುತ್ತೆ.

ಜಿಪ್ಸಿಯವರಲ್ಲಿ ಪ್ಯಾರಾಬೋಲಿಕ್ ಪ್ಲೇಟ್‌ಗೆ ಒಳ್ಳೇ ಹೆಸರಿದೆ. ಇದರಲ್ಲಿ ಪ್ಲೇಟುಗಳು ಕಡಿಮೆ, ನಡುವೆ ದಪ್ಪ, ತುದಿಗೆ ತೆಳು. ಒಂದಕ್ಕೊಂದು ಉಜ್ಜುವುದು ಕಡಿಮೆ, ಆದ್ದರಿಂದ ಮೆತ್ತಗೆ ಆಡುತ್ತೆ. ಹಳೇ ಕಟ್ಟಿನಲ್ಲಿ ಆ ಉಜ್ಜಾಟವೇ ಅರ್ಧ ಶಾಕ್ ಅಬ್ಸಾರ್ಬರ್ ಕೆಲಸ ಮಾಡುತ್ತಿತ್ತು. ಅದು ಹೋದ ಮೇಲೆ ಒಳ್ಳೇ ಶಾಕ್ ಹಾಕಲೇಬೇಕು.

ಶಾಕ್ ಅಬ್ಸಾರ್ಬರ್: ದುಡ್ಡು ಹಾಕಬೇಕಾದ ಜಾಗ

ಶಾಕ್ ಗಾಡಿಯ ಭಾರ ಹೊರುತ್ತೆ ಅಂತ ಬಹಳ ಜನ ತಿಳಿದಿದ್ದಾರೆ. ಭಾರ ಹೊರುವುದು ಸ್ಪ್ರಿಂಗ್. ಸ್ಪ್ರಿಂಗ್ ಕುಣಿತವನ್ನು ನಿಲ್ಲಿಸುವುದು ಶಾಕ್ ಕೆಲಸ. ಒಳಗೆ ಎಣ್ಣೆ ಇರುತ್ತೆ, ಸಣ್ಣ ತೂತುಗಳಲ್ಲಿ ಆ ಎಣ್ಣೆ ನುಗ್ಗುವಾಗ ಕುಣಿತದ ಶಕ್ತಿ ಬಿಸಿಯಾಗಿ ಹೋಗುತ್ತೆ. ಹತ್ತು ಕಿಲೋಮೀಟರ್ ಕಲ್ಲು ರಸ್ತೆ ಓಡಿಸಿ ಮುಟ್ಟಿ ನೋಡಿದರೆ ಗೊತ್ತಾಗುತ್ತೆ. ಎಣ್ಣೆ ಬಿಸಿಯಾಗಿ ನೊರೆ ಬಂದರೆ ಹಿಡಿತ ಕಡಿಮೆ ಆಗುತ್ತೆ. ಗ್ಯಾಸ್ ತುಂಬಿದ ಶಾಕ್‌ಗೆ ಜಾಸ್ತಿ ಬೆಲೆ ಇರುವುದು ಇದಕ್ಕೇ, ಗ್ಯಾಸ್ ಒತ್ತಡ ನೊರೆ ಏಳಲು ಬಿಡಲ್ಲ.

ಶಾಕ್ ಮೇಲೆ ಎಣ್ಣೆ ಜಿನುಗಿ ಧೂಳು ಅಂಟಿದೆ, ಬಂಪರ್ ಒತ್ತಿ ಬಿಟ್ಟರೆ ಗಾಡಿ ಎರಡು ಮೂರು ಸಲ ತೂಗುತ್ತೆ ಅಂದ್ರೆ ಬದಲಾಯಿಸಿ. ಎಡ ಬಲ ಜೋಡಿಯಾಗೇ ಬದಲಾಯಿಸಿ. ಬೇರೆ ಏನೂ ಮಾಡದೆ ಒಳ್ಳೇ ಶಾಕ್ ಮತ್ತು ಹೊಸ ಬುಷ್ ಹಾಕಿದರೆ ಹತ್ತರಲ್ಲಿ ಎಂಟು ತೋಟದ ಜೀಪಿಗೆ ಸಾಕಾಗುತ್ತೆ ಅನ್ನಬಹುದು.

ಎತ್ತರಿಸಿದ ಗಾಡಿಗೆ ಹಳೇ ಉದ್ದದ ಶಾಕ್ ಉಳಿಸುವುದು ದೊಡ್ಡ ತಪ್ಪು. ಚಕ್ರ ಕೆಳಗೆ ಇಳಿಯುವಾಗ ಶಾಕ್ ಪೂರ್ತಿ ಎಳೆದು ನಿಲ್ಲುತ್ತೆ, ಆಕ್ಸಲ್ ಭಾರವೆಲ್ಲಾ ಅದರ ಮೇಲೆ ಜೋತು ಬೀಳುತ್ತೆ. ಸ್ವಲ್ಪ ದಿನದಲ್ಲಿ ಶಾಕ್ ಹೋಗುತ್ತೆ, ಇಲ್ಲಾ ಚಾಸಿಗೆ ಹಾಕಿದ ಬ್ರಾಕೆಟ್ ಕಿತ್ತು ಬರುತ್ತೆ.

ಥಾರ್, ಜಿಮ್ನಿ ವಿಷಯ

ಹಳೇ ಥಾರ್‌ನ ಟಾರ್ಶನ್ ಬಾರ್ ಬೋಲ್ಟ್ ತಿರುಗಿಸಿದರೆ ಮುಂಭಾಗ ಏಳುತ್ತೆ. ಪೈಸೆ ಖರ್ಚಿಲ್ಲ. ಆದರೆ ಸ್ಪ್ರಿಂಗ್ ಬಲ ಅಷ್ಟೇ ಇರುತ್ತೆ, ಚಕ್ರ ಕೆಳಗೆ ಇಳಿಯಲು ಇದ್ದ ಜಾಗ ಮಾತ್ರ ಕಡಿಮೆ ಆಗುತ್ತೆ. ಡ್ರೈವ್ ಶಾಫ್ಟ್ ಓರೆಯಾಗಿ ತಿರುಗಿ ಅದರ ರಬ್ಬರ್ ಬೂಟ್ ಬೇಗ ಹರಿಯುತ್ತೆ, ಟಯರ್ ಒಂದು ಅಂಚು ಸವೆಯುತ್ತೆ. ತಿರುಗಿಸಿದ ಮೇಲೆ ಅಲೈನ್‌ಮೆಂಟ್ ಮಾಡಿಸದವರಿಗೆ ಟಯರ್ ಖರ್ಚು ಕಾದಿದೆ.

ಹೊಸ ಥಾರ್‌ಗೆ ಸ್ಪ್ರಿಂಗ್ ಮೇಲೆ ಇಡುವ ಸ್ಪೇಸರ್ ಸಿಗುತ್ತೆ. ಎತ್ತರ ಬರುತ್ತೆ, ಸಸ್ಪೆನ್ಷನ್ ಸುಧಾರಿಸಲ್ಲ. ಇದನ್ನು ಅಪ್‌ಗ್ರೇಡ್ ಅನ್ನುವುದಕ್ಕಿಂತ ನೋಟಕ್ಕೆ ಮಾಡಿಸುವ ಕೆಲಸ ಅಂದರೆ ಸರಿ. ಸ್ಪ್ರಿಂಗ್ ಮತ್ತು ಶಾಕ್ ಒಟ್ಟಿಗೆ ಬರುವ ಪೂರ್ತಿ ಕಿಟ್ ತಗೊಳ್ಳುವವರಿಗೆ ಆಸ್ಟ್ರೇಲಿಯಾದ ಓಲ್ಡ್ ಮ್ಯಾನ್ ಇಮು, ಐರನ್‌ಮ್ಯಾನ್ ತರದ ಹೆಸರುಗಳು ಪರಿಚಯ. ಅಂಥ ಕಿಟ್ ತಗೊಳ್ಳುವಾಗ ಗಾಡಿ ಮೇಲೆ ಖಾಯಂ ಎಷ್ಟು ಕೆಜಿ ಜಾಸ್ತಿ ಇದೆ ಅಂತ ಲೆಕ್ಕ ಹಾಕಬೇಕು. ಕಬ್ಬಿಣದ ಬಂಪರ್, ವಿಂಚ್, ಮೇಲಿನ ಕ್ಯಾರಿಯರ್ ಎಲ್ಲಾ ಸೇರಿಸಿ. ಅಂಗಡಿಯವನು ತೂಕ ಕೇಳದೇ ಕಿಟ್ ಕೊಟ್ಟರೆ ಬೇರೆ ಅಂಗಡಿ ನೋಡಿ.

ಜಿಮ್ನಿ ಎತ್ತರಿಸಿದಾಗ ಆಕ್ಸಲ್ ಅನ್ನು ಅಡ್ಡಕ್ಕೆ ಹಿಡಿದಿರುವ ರಾಡ್ ಅದನ್ನು ಒಂದು ಪಕ್ಕಕ್ಕೆ ಎಳೆಯುತ್ತೆ, ಕ್ಯಾಸ್ಟರ್ ಕೂಡ ಕಡಿಮೆ ಆಗುತ್ತೆ. ಇವೆರಡನ್ನು ಸರಿ ಮಾಡುವ ಬುಷ್, ರಾಡ್ ಬೇರೆಯಾಗಿ ಬರುತ್ತವೆ.

ಎತ್ತರಿಸಿದರೆ ಕ್ಲಿಯರೆನ್ಸ್ ಜಾಸ್ತಿ ಆಗುತ್ತಾ?

ಪೂರ್ತಿ ಆಗಲ್ಲ. ಥಾರ್‌ನ ಗ್ರೌಂಡ್ ಕ್ಲಿಯರೆನ್ಸ್ ಕಂಪನಿ ಲೆಕ್ಕದಲ್ಲಿ 226 ಮಿಲಿಮೀಟರ್, ಜಿಮ್ನಿದು 210. ಗಟ್ಟಿ ಆಕ್ಸಲ್ ಗಾಡಿಯಲ್ಲಿ ನೆಲಕ್ಕೆ ಹತ್ತಿರ ಇರುವುದು ಡಿಫರೆನ್ಷಿಯಲ್ ಗುಂಡು. ಅದು ಕೂತಿರುವುದು ಆಕ್ಸಲ್ ಮೇಲೆ, ಆಕ್ಸಲ್ ಇರುವುದು ಚಕ್ರದ ಮಧ್ಯೆ. ಸ್ಪ್ರಿಂಗ್ ಎತ್ತರಿಸಿದರೆ ಚಾಸಿ ಏಳುತ್ತೆ, ಗುಂಡು ಇದ್ದಲ್ಲೇ ಇರುತ್ತೆ. ಅದನ್ನು ಎತ್ತಲು ದೊಡ್ಡ ಟಯರ್ ಒಂದೇ ದಾರಿ, ಅದರಲ್ಲೂ ಟಯರ್ ಎರಡು ಇಂಚು ದೊಡ್ಡದಾದರೆ ಗುಂಡು ಏಳುವುದು ಒಂದು ಇಂಚು. ಬಂಡೆಗೆ ಗುಂಡು ತಾಗುತ್ತೆ ಅಂತ ಲಿಫ್ಟ್ ಹಾಕಿಸಿದವರಿಗೆ ಆಮೇಲೂ ತಾಗುತ್ತೆ.

ಲಿಫ್ಟ್‌ನಿಂದ ಉಪಯೋಗ ಇಲ್ಲ ಅಂತಲ್ಲ. ಬಂಪರ್, ಫುಟ್‌ಬೋರ್ಡ್, ಹೊಟ್ಟೆ ಭಾಗ ತಾಗುವುದು ತಪ್ಪುತ್ತೆ, ದೊಡ್ಡ ಟಯರಿಗೆ ಜಾಗ ಆಗುತ್ತೆ.

ಆದರೆ ಕೆಳಗೆ ಒಂದಕ್ಕೊಂದು ಸೇರಿಕೊಂಡಿದೆ. ಪ್ರೊಪೆಲ್ಲರ್ ಶಾಫ್ಟ್ ಓರೆಯಾಗಿ ಕ್ರಾಸ್ ಬೇಗ ಹೋಗುತ್ತೆ. ಬ್ರೇಕ್ ಹೋಸ್ ಬಿಗಿಯಾಗುತ್ತೆ, ಚಕ್ರ ಗುಂಡಿಗೆ ಇಳಿದಾಗ ಅದು ಎಳೆದು ಹರಿದರೆ ಬ್ರೇಕ್ ಇಲ್ಲ. ಕೆಲವು ಗಾಡಿಗಳಲ್ಲಿ ಹಿಂದಿನ ಆಕ್ಸಲ್‌ಗೂ ಚಾಸಿಗೂ ನಡುವೆ ಒಂದು ಬ್ರೇಕ್ ವಾಲ್ವ್ ಇರುತ್ತೆ. ಅದು ಎತ್ತರ ನೋಡಿ ಭಾರ ಅಂದಾಜು ಮಾಡುತ್ತೆ. ಗಾಡಿ ಎತ್ತರಿಸಿದರೆ ಅದಕ್ಕೆ ಯಾವಾಗಲೂ 'ಖಾಲಿ' ಅಂತಲೇ ಲೆಕ್ಕ, ಭಾರ ತುಂಬಿದಾಗಲೂ ಹಿಂದಿನ ಬ್ರೇಕ್ ಕಡಿಮೆ ಕೊಡುತ್ತೆ. ಇದನ್ನು ಹೊಂದಿಸದೇ ಬಿಟ್ಟ ಗಾಡಿ ಘಾಟಿ ಇಳಿಯುವುದು ಅಪಾಯ.

ಎಲ್ಲಕ್ಕಿಂತ ದೊಡ್ಡದು ಪಲ್ಟಿ. ಗಾಡಿ ಏಳುತ್ತಿದ್ದ ಹಾಗೆ ಅದರ ತೂಕದ ನಡುಬಿಂದುವೂ ಏಳುತ್ತೆ, ಚಕ್ರಗಳ ಅಗಲ ಅಷ್ಟೇ ಇರುತ್ತೆ. ಬಾಡಿಗೆ ಜೀಪುಗಳಲ್ಲಿ ಪ್ರವಾಸಿಗರು ಹಿಂದೆ ಎದ್ದು ನಿಂತು ರಾಡ್ ಹಿಡಿದು ಫೋಟೋ ತೆಗೆಯುತ್ತಾರೆ. ಆರು ಜನ ನಿಂತರೆ ಮೂರು ನಾನ್ನೂರು ಕೆಜಿ ಮೇಲೆ ಹೋದ ಹಾಗೆ. ಒಂದು ಚಕ್ರ ಚರಂಡಿಗೆ ಇಳಿದಾಗ ಮೊದಲು ವಾಲಿ ನಿಲ್ಲುತ್ತಿದ್ದ ಜೀಪು ಈಗ ಮಗುಚಬಹುದು. ಪ್ರವಾಸಿಗರನ್ನು ಹೊರುವ ಗಾಡಿಗೆ ಲಿಫ್ಟ್ ಹಾಕಿಸದೇ ಇರುವುದೇ ಒಳ್ಳೇದು.

ಆರ್‌ಟಿಒ, ಇನ್ಶೂರೆನ್ಸ್

ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರ ಬದಲಾಗುವ ಹಾಗೆ ಗಾಡಿ ಮಾರ್ಪಾಡು ಮಾಡುವಂತಿಲ್ಲ. ಕೇರಳದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್ ಪ್ರಕಾರ ಅನುಮತಿ ಇಲ್ಲದ ಮಾರ್ಪಾಡಿಗೆ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಅಥವಾ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಇಲ್ಲವೇ ಎರಡೂ.

ಸವೆದ ಶಾಕ್ ತೆಗೆದು ಅದೇ ಅಳತೆಯದ್ದು ಹಾಕುವುದು ರಿಪೇರಿ, ಅದಕ್ಕೆ ಹೆದರಬೇಕಾಗಿಲ್ಲ. ಎತ್ತರಿಸುವುದು, ಟಯರ್ ಸೈಜ್ ಬದಲಾಯಿಸುವುದು ಬೇರೆ ಲೆಕ್ಕ. ಕೆಎ-12, ಕೆಎ-18, ಕೆಎ-46 ಯಾವ ಬೋರ್ಡೇ ಇರಲಿ, ದುಡ್ಡು ಕೊಡುವ ಮುಂಚೆ ಆರ್‌ಟಿಒ ಕಚೇರಿಯಲ್ಲಿ ಕೇಳಿ. ಹಳದಿ ಬೋರ್ಡಿನವರು ಎಫ್‌ಸಿ ಹೇಗೂ ಮಾಡಿಸಲೇಬೇಕು. ಇನ್ಶೂರೆನ್ಸ್ ಕಂಪನಿಗೆ ತಿಳಿಸದೇ ಮಾರ್ಪಾಡು ಮಾಡಿಸಿದ್ದರೆ ಅಪಘಾತ ಆದಾಗ ಅವರು ತಕರಾರು ತೆಗೆಯಲು ನೀವೇ ದಾರಿ ಕೊಟ್ಟ ಹಾಗೆ. ವಾರಂಟಿ ಇರುವ ಹೊಸ ಗಾಡಿಯವರು ಶೋರೂಮಿನಲ್ಲೂ ವಿಚಾರಿಸಿಕೊಳ್ಳಿ.

ಮಾಡಿಸಲೇಬೇಕು ಅಂದ್ರೆ

ಮೊದಲು ಖರ್ಚಿಲ್ಲದ್ದು. ಕೆಸರಿಗೆ ಇಳಿಯುವಾಗ ಟಯರ್ ಗಾಳಿ 20 ಪಿಎಸ್‌ಐ ಆಸುಪಾಸಿಗೆ ಇಳಿಸಿ ನಿಧಾನಕ್ಕೆ ಓಡಿಸಿ ನೋಡಿ. ಲಿಫ್ಟ್ ಬೇಕು ಅಂದುಕೊಂಡಿದ್ದ ಎಷ್ಟೋ ಏರು ಹಾಗೇ ಹತ್ತುತ್ತೆ. ಡಾಂಬರಿಗೆ ಬರುವ ಮುಂಚೆ ಮತ್ತೆ ಗಾಳಿ ತುಂಬಬೇಕು, ಸಣ್ಣ ಕಂಪ್ರೆಸರ್ ಇಟ್ಟುಕೊಂಡರೆ ಅನುಕೂಲ. ಒಂದು ಚಕ್ರ ಗಾಳಿಯಲ್ಲಿ ತಿರುಗಿ ಗಾಡಿ ನಿಂತುಬಿಡುತ್ತೆ ಅನ್ನುವವರಿಗೆ ಬೇಕಾಗಿರುವುದು ಡಿಫರೆನ್ಷಿಯಲ್ ಲಾಕ್, ಎತ್ತರ ಅಲ್ಲ.

ಗ್ಯಾರೇಜಿನವರ ಹತ್ತಿರ ಮಾಡುವ ಕೆಲಸ, ಹಾಕುವ ಸಾಮಾನು ಎಲ್ಲಾ ಚೀಟಿಯಲ್ಲಿ ಬರೆಸಿಕೊಳ್ಳಿ: ಸ್ಪ್ರಿಂಗ್, ಶಾಕ್, ಬುಷ್, ಯು-ಬೋಲ್ಟ್, ಬ್ರೇಕ್ ಹೋಸ್, ಅಲೈನ್‌ಮೆಂಟ್. ಯು-ಬೋಲ್ಟ್ ಹೊಸದೇ ಹಾಕಿಸಿ, ಒಮ್ಮೆ ಬಿಗಿದು ಎಳೆದದ್ದನ್ನು ಮತ್ತೆ ಬಳಸಬಾರದು. ಬುಷ್ ಇರುವ ಬೋಲ್ಟ್‌ಗಳನ್ನು ಗಾಡಿ ಜಾಕ್ ಮೇಲಿರುವಾಗ ಪೂರ್ತಿ ಬಿಗಿಯಬಾರದು. ನೆಲಕ್ಕೆ ಇಳಿಸಿ ಭಾರ ಬಿದ್ದ ಮೇಲೆ ಬಿಗಿಯಬೇಕು, ಇಲ್ಲಾಂದ್ರೆ ರಬ್ಬರ್ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತೆ. ಅವಸರದಲ್ಲಿ ಬಿಟ್ಟುಹೋಗುವ ಕೆಲಸ ಇದು, ನಿಂತು ನೋಡಿ ಮಾಡಿಸಿ.

ಗಾಡಿ ತಗೊಂಡು ಹೋದ ಮೇಲೆ 500 ಕಿಲೋಮೀಟರ್ ಆಗುತ್ತಿದ್ದಂತೆ ವಾಪಸ್ ತಂದು ಎಲ್ಲಾ ಯು-ಬೋಲ್ಟ್ ಇನ್ನೊಮ್ಮೆ ಬಿಗಿಸಿ. ಹೊಸ ಪ್ಲೇಟುಗಳು ಕೂತುಕೊಂಡು ಸಡಿಲ ಆಗಿರುತ್ತವೆ. ಮೊದಲು ಬರೆದಿಟ್ಟ ಟೇಪ್ ಅಳತೆ ಆಗಲೇ ತೆಗೆದು ಹೋಲಿಸಿ ನೋಡಿ.