ಭಾರತದಲ್ಲಿ ಚರ್ಮವೈದ್ಯ: ಅಧ್ಯಾಪನ ಹಾಗೂ ಸಂಶೋಧನಾ ವೃತ್ತಿ

ಚರ್ಮ, ಕೇಶ, ನಖ ಮತ್ತು ಲೋಳೆಪೊರೆಗಳ ವ್ಯಾಧಿಗಳಿಗೆ ಚಿಕಿತ್ಸೆ ಮಾಡುವುದರೊಂದಿಗೆ ಆ ವಿದ್ಯೆಯನ್ನು ಶಿಷ್ಯರಿಗೆ ಬೋಧಿಸುವ ಹಾಗೂ ಅದರಲ್ಲಿ ಹೊಸ ಅರಿವನ್ನು ಸಂಪಾದಿಸುವ ಕಾರ್ಯವನ್ನು ಜೀವನವೃತ್ತಿಯಾಗಿ ಕೈಕೊಂಡ ವೈದ್ಯರ ಕ್ಷೇತ್ರ. ಭಾರತದ ವೈದ್ಯಶಿಕ್ಷಣದಲ್ಲಿ ಚರ್ಮರೋಗ, ರತಿರೋಗ, ಕುಷ್ಠರೋಗ ಈ ಮೂರೂ ಒಂದೇ ಸ್ನಾತಕೋತ್ತರ ಪದವಿಯಲ್ಲಿ ಅಡಕವಾಗಿರುವುದರಿಂದ ಇಲ್ಲಿನ ಚರ್ಮವೈದ್ಯನ ವ್ಯಾಪ್ತಿ ಬಲು ವಿಸ್ತಾರವಾದುದು. ತರುಣ ವೈದ್ಯನ ಮುಂದೆ ತೆರೆದುಕೊಳ್ಳುವ ಸಂಶೋಧನಾವಕಾಶಗಳೂ ಅಷ್ಟೇ ವಿಪುಲವಾದುವು.

ಪೂರ್ವೇತಿಹಾಸ: ಚರ್ಮರೋಗಗಳಿಗೆ ಪ್ರತ್ಯೇಕ ವಿಭಾಗಗಳು ಏರ್ಪಡುವುದಕ್ಕೆ ಮುನ್ನವೇ ಅವುಗಳ ವೈಜ್ಞಾನಿಕ ಅಧ್ಯಯನ ಈ ದೇಶದಲ್ಲಿ ಸಾಮಾನ್ಯ ಚಿಕಿತ್ಸಕರ ಕೈಯಲ್ಲಿ ಆರಂಭವಾಯಿತು. ಮದರಾಸಿನಲ್ಲಿ ಸೇವೆಯಲ್ಲಿದ್ದ ಚಾರ್ಲ್ಸ್ ಡೊನೊವನ್ 1905ರಲ್ಲಿ, ಈಗ ಆತನ ಹೆಸರಿನಿಂದಲೇ ಡೊನೊವನೋಸಿಸ್ ಎಂದು ಕರೆಯಲ್ಪಡುವ ವ್ರಣರೋಗದ ಸೂಕ್ಷ್ಮಕಾಯಗಳನ್ನು ಗುರುತಿಸಿದನು. ಕಲ್ಕತ್ತೆಯ ಉಪೇಂದ್ರನಾಥ ಬ್ರಹ್ಮಚಾರಿಯವರು, ಕಾಲಾ ಅಜಾರ್ ಎಂಬ ಜ್ವರ ವಾಸಿಯಾದ ತರುವಾಯ ರೋಗಿಯ ಚರ್ಮದಲ್ಲಿ ತಲೆದೋರುವ ವಿಕಾರವನ್ನು 1922ರಲ್ಲಿ ವರ್ಣಿಸಿದರು. 1935ರಲ್ಲಿ ಮುಂಬಯಿಯ ಯು. ಬಿ. ನಾರಾಯಣರಾಯರು ಸ್ಥಾಪಿಸಿದ ರತಿರೋಗಗಳ ಪತ್ರಿಕೆಯೇ ಕಾಲಾನುಕ್ರಮದಲ್ಲಿ ಬೆಳೆದು ಇಂದಿನ ಇಂಡಿಯನ್ ಜರ್ನಲ್ ಆಫ್ ಡರ್ಮಟಾಲಜಿ, ವೆನೆರಿಯಾಲಜಿ ಅಂಡ್ ಲೆಪ್ರಾಲಜಿಯಾಗಿದೆ. ಬೇರೆಬೇರೆಯಾಗಿದ್ದ ಚರ್ಮವೈದ್ಯರ ವೃತ್ತಿಸಂಘಗಳು 1973ರಲ್ಲಿ ಒಂದುಗೂಡಿ ಅಖಿಲ ಭಾರತ ಮಟ್ಟದ ಐ.ಎ.ಡಿ.ವಿ.ಎಲ್. ಸಂಘವಾದುವು. ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ಜೆ. ಎಸ್. ಪಸ್ರೀಚಾ ಮತ್ತು ರಾಮ್‌ಜಿ ಗುಪ್ತ ಅವರು, ಮೈಯೆಲ್ಲ ಬೊಬ್ಬೆಯೆದ್ದು ಹಿಂದೆ ಬಹುಮಟ್ಟಿಗೆ ಮಾರಕವಾಗಿದ್ದ ಪೆಂಫಿಗಸ್ ರೋಗಕ್ಕೆ ಡೆಕ್ಸಾಮೆಥಸೋನ್ ಮತ್ತು ಸೈಕ್ಲೊಫಾಸ್ಫಮೈಡ್‌ಗಳನ್ನು ನಿಯತಕಾಲಿಕವಾಗಿ ಭಾರಿ ಪ್ರಮಾಣದಲ್ಲಿ ಕೊಡುವ ಪಲ್ಸ್ ಚಿಕಿತ್ಸೆಯನ್ನು 1984ರಲ್ಲಿ ಪ್ರಕಟಿಸಿದ್ದು ಇದೇ ಪತ್ರಿಕೆಯಲ್ಲಿ. ಈ ಸಾಧನೆಗಳಿಗೆಲ್ಲ ಮೂಲವಾದುದು ರೋಗಿಯ ಪಕ್ಕದಲ್ಲಿ ನಿಂತು ಮಾಡಿದ ನಿಷ್ಠುರ ಅವಲೋಕನ.

ಶಿಕ್ಷಣಕ್ರಮ ಮತ್ತು ಪದೋನ್ನತಿ: ಎಂ.ಬಿ.ಬಿ.ಎಸ್. ಪದವಿ ಹಾಗೂ ಒಂದು ವರ್ಷದ ಇಂಟರ್ನ್‌ಶಿಪ್ ಪೂರೈಸಿದವರು ರಾಷ್ಟ್ರಮಟ್ಟದ ಪ್ರವೇಶಪರೀಕ್ಷೆಯ ಮೂಲಕ ಮೂರು ವರ್ಷದ ಎಂ.ಡಿ. ಅಥವಾ ಅದಕ್ಕೆ ಸಮಾನವಾದ ಡಿ.ಎನ್.ಬಿ. ವ್ಯಾಸಂಗಕ್ಕೆ ಸೇರುತ್ತಾರೆ. ಈ ಅವಧಿಯಲ್ಲಿ ಬರೆಯಲೇಬೇಕಾದ ಪ್ರಬಂಧವೇ ಬಹುತೇಕ ವೈದ್ಯರಿಗೆ ಸಂಶೋಧನೆಯ ಪ್ರಥಮ ಪರಿಚಯ. ಚೆನ್ನೈಯ ರಾಷ್ಟ್ರೀಯ ಸಾಂಕ್ರಾಮಿಕರೋಗಶಾಸ್ತ್ರ ಸಂಸ್ಥೆ ಅಂತರಜಾಲದ ಮೂಲಕ ನಡೆಸುವ ಜೈವಿಕವೈದ್ಯ ಸಂಶೋಧನೆಯ ಮೂಲಪಾಠವನ್ನೂ ಅವರು ಮುಗಿಸಬೇಕು. ಎಂ.ಡಿ.ಯ ತರುವಾಯ ಒಂದು ವರ್ಷ ಸೀನಿಯರ್ ರೆಸಿಡೆಂಟ್ ಆಗಿ ದುಡಿದವರು ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅರ್ಹರಾಗುತ್ತಾರೆ. ರಾಷ್ಟ್ರೀಯ ವೈದ್ಯಕೀಯ ಆಯೋಗದ 2022ರ ನಿಯಮಗಳಂತೆ, ನಾಲ್ಕು ವರ್ಷದ ಅಧ್ಯಾಪನ ಮತ್ತು ಎರಡು ಸಂಶೋಧನಾ ಪ್ರಕಟಣೆಗಳಿದ್ದರೆ ಸಹ ಪ್ರಾಧ್ಯಾಪಕ ಪದವಿಯೂ, ಅಲ್ಲಿಂದ ಮುಂದೆ ಮೂರು ವರ್ಷದ ಸೇವೆ ಹಾಗೂ ಇನ್ನಷ್ಟು ಪ್ರಕಟಣೆಗಳಿದ್ದರೆ ಪ್ರಾಧ್ಯಾಪಕ ಪದವಿಯೂ ಲಭ್ಯವಾಗುತ್ತಿದ್ದುವು. ಮೂಲವಿಜ್ಞಾನದಲ್ಲಿ ಆಸಕ್ತಿಯುಳ್ಳವರು ಎಂ.ಡಿ.ಯ ಮೇಲೆ ಪಿಎಚ್.ಡಿ. ಮಾಡುವುದುಂಟಾದರೂ ಅಂಥವರ ಸಂಖ್ಯೆ ವಿರಳ.

ಸಂಶೋಧನಾಕ್ಷೇತ್ರಗಳು: ಭಾರತದ ಬೋಧಕ ಆಸ್ಪತ್ರೆಗಳ ಹೊರರೋಗಿ ವಿಭಾಗಗಳಿಗೆ ದಿನವಹಿ ಬರುವ ರೋಗಿಸಮೂಹದಲ್ಲಿ, ಅನ್ಯದೇಶದ ಪಠ್ಯಗ್ರಂಥಗಳು ಸಾಲದೆ ಹೋಗುವ ಪ್ರಶ್ನೆಗಳು ಹೇರಳವಾಗಿವೆ. ಕಾಶ್ಮೀರದಲ್ಲಿ ಚಳಿಗಾಲದಲ್ಲಿ ಉಡುಪಿನೊಳಗೆ ಇಟ್ಟುಕೊಳ್ಳುವ ಕಾಂಗ್ರಿ ಎಂಬ ಅಗ್ಗಿಷ್ಟಿಕೆಯ ತಾಪದಿಂದ ಹುಟ್ಟುವ ಚರ್ಮದ ಅರ್ಬುದ, ಬಿಂದಿಯ ಅಂಟಿನಲ್ಲಿರುವ ರಾಸಾಯನಿಕದಿಂದ ಸ್ತ್ರೀಯರ ಹಣೆಯಲ್ಲಿ ಮೂಡುವ ಬಿಳಿಯ ಕಲೆ, ಇವೆರಡೂ ದೇಶೀಯ ಜೀವನಕ್ರಮವನ್ನು ಬಲ್ಲ ವೈದ್ಯರಿಗೆ ಮಾತ್ರ ಸುಲಭವಾಗಿ ಗೋಚರವಾಗತಕ್ಕ ವ್ಯಾಧಿಗಳು. ನಮ್ಮ ಹಳ್ಳಿಗರು ಕಾಂಗ್ರೆಸ್ ಗಿಡವೆನ್ನುವ ಪಾರ್ಥೇನಿಯಂ ಕಳೆಯಿಂದ ಬೇಸಾಯಗಾರರ ಮುಖ, ಕತ್ತು, ಮೊಣಕೈಗಳಲ್ಲಿ ಏಳುವ ಹಠಮಾರಿ ಇಸುಬನ್ನು 1970ರ ದಶಕದಲ್ಲಿ ಪುಣೆಯ ವೈದ್ಯರು ವಿಶದಪಡಿಸಿದರು. ಆ ಕಳೆಯಲ್ಲಿರುವ ಪಾರ್ಥೆನಿನ್ ಎಂಬ ವಸ್ತುವಿಗೆ ರೋಗಿಯ ದೇಹ ತೋರುವ ಪ್ರತಿಕ್ರಿಯೆಯನ್ನು ಪರೀಕ್ಷಿಸಿದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಿ. ವಿ. ಸುಬ್ಬರಾಯರು ಒಬ್ಬರು.

ಈಚಿನ ವರ್ಷಗಳಲ್ಲಿ ಗಜಕರ್ಣ, ಹುಳುಕಡ್ಡಿ ಎಂಬ ಹೆಸರುಗಳ ಶಿಲೀಂಧ್ರರೋಗ ಹಿಂದಿನಂತೆ ಸರಳವಾಗಿ ಗುಣವಾಗದೆ ದೇಶವ್ಯಾಪಿಯಾಗಿ ಹಬ್ಬಿದೆ. ಸ್ಟೀರಾಯ್ಡ್ ಬೆರೆತ ಮುಲಾಮುಗಳ ಸ್ವೇಚ್ಛಾಬಳಕೆ ಇದರ ಕಾರಣಗಳಲ್ಲೊಂದು. ದೆಹಲಿಯ ಸಂಶೋಧಕರು 2018ರಲ್ಲಿ ಈ ಶಿಲೀಂಧ್ರದ ಸ್ಕ್ವಾಲೀನ್ ಎಪಾಕ್ಸಿಡೇಸ್ ಜೀನಿನ ವ್ಯತ್ಯಯಗಳೇ ಟರ್ಬಿನಾಫೈನ್ ಔಷಧಕ್ಕೆ ಅದು ಮಣಿಯದಿರಲು ಹೇತುವೆಂದು ತೋರಿಸಿದರು. ಆದರೆ ಈ ಶಿಲೀಂಧ್ರಕ್ಕೆ ಟ್ರೈಕೊಫೈಟಾನ್ ಇಂಡೋಟಿನಿಯೆ ಎಂಬ ನಾಮಕರಣ 2020ರಲ್ಲಿ ನಡೆದದ್ದು ಜಪಾನಿನಲ್ಲಿ, ಅಲ್ಲಿಗೆ ಹೋಗಿದ್ದ ಭಾರತೀಯ ಮತ್ತು ನೇಪಾಳಿ ರೋಗಿಗಳಿಂದ ಪಡೆದ ಮಾದರಿಗಳ ಆಧಾರದಿಂದ. ಕುಷ್ಠರೋಗ ಸಾರ್ವಜನಿಕ ಸಮಸ್ಯೆಯೆಂಬ ಮಟ್ಟಕ್ಕಿಂತ ಕೆಳಗಿಳಿಯಿತೆಂದು 2005ರ ಅಂತ್ಯದ ಲೆಕ್ಕ ಸಾರಿದರೂ, ಜಗತ್ತಿನಲ್ಲಿ ವರ್ಷಂಪ್ರತಿ ಪತ್ತೆಯಾಗುವ ಹೊಸ ರೋಗಿಗಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಭಾರತದವರೇ ಆಗಿರುವುದರಿಂದ ಅದರ ಅಧ್ಯಯನ ಮುಗಿದ ಅಧ್ಯಾಯವಲ್ಲ. ಆಗ್ರಾದ ಜಾಲ್ಮಾ ಸಂಸ್ಥೆಯೂ ತಮಿಳುನಾಡಿನ ಚೆಂಗಲ್ಪಟ್ಟು, ಕರಿಗಿರಿಗಳ ಕೇಂದ್ರಗಳೂ ಈ ರೋಗದ ಸಂಶೋಧನೆಗೆ ಪ್ರಸಿದ್ಧವಾದುವು. ಇನ್ನು, ಬಿಸಿಲಿಗೆ ಚರ್ಮ ತೋರುವ ಪ್ರತಿಕ್ರಿಯೆಯನ್ನು ಅಳೆಯಲು ಹಾರ್ವರ್ಡಿನ ಥಾಮಸ್ ಫಿಟ್ಜ್‌ಪ್ಯಾಟ್ರಿಕ್ 1975ರಲ್ಲಿ ರಚಿಸಿದ ಶ್ರೇಣಿ ಮೊದಲು ಬಿಳಿಯ ಚರ್ಮವನ್ನೇ ಉದ್ದೇಶಿಸಿದ್ದು, ಕಂದು ಕಪ್ಪು ಬಣ್ಣಗಳು ಅದಕ್ಕೆ ಸೇರಿದ್ದು ಅನಂತರ. ನಮ್ಮ ವರ್ಣಗಳಿಗೆ ಒಪ್ಪುವ ಮಾನದಂಡಗಳನ್ನು ನಿರ್ಮಿಸುವ ಕೆಲಸ ಇನ್ನೂ ಬಹಳವಿದೆ.

ಮೂಲವಿಜ್ಞಾನದ ಸಹಯೋಗಕ್ಕೂ ಎಡೆಯಿದೆ. ದೆಹಲಿಯ ಐ.ಜಿ.ಐ.ಬಿ. ಸಂಶೋಧನಾ ಸಂಸ್ಥೆ ತೊನ್ನು ಮತ್ತು ಚರ್ಮವರ್ಣದ ಜೀವಶಾಸ್ತ್ರವನ್ನು ಅಭ್ಯಸಿಸಿದೆ. ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯಲ್ಲಿ ಗಾಯ ಮಾಯುವ ಕ್ರಮವನ್ನು ಕುರಿತ ಸಂಶೋಧನೆ ನಡೆದಿದೆ; ಅಲ್ಲಿಯ ವಿಜ್ಞಾನಿಗಳು, ರೈತನ ಚರ್ಮದ ಮೂಲಕ ದೇಹವನ್ನು ಹೊಗುವ ಕೀಟನಾಶಕದ ವಿಷವನ್ನು ಚರ್ಮದ ಮೇಲೆಯೇ ನಿಷ್ಕ್ರಿಯಗೊಳಿಸುವ ಲೇಪವೊಂದನ್ನು ರೂಪಿಸಿ, ಇಲಿಗಳ ಮೇಲಿನ ಪ್ರಯೋಗದ ಫಲವನ್ನು 2018ರಲ್ಲಿ ಪ್ರಕಟಿಸಿದರು.

ಧನಸಹಾಯ: 1911ರಲ್ಲಿ ಸ್ಥಾಪಿತವಾಗಿ 1949ರಲ್ಲಿ ಈಗಿನ ಹೆಸರನ್ನು ಪಡೆದ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು, ಎಂ.ಬಿ.ಬಿ.ಎಸ್. ವಿದ್ಯಾರ್ಥಿಗಳಿಗೆ ಅಲ್ಪಾವಧಿಯ ವೇತನವನ್ನೂ ಅಧ್ಯಾಪಕರ ಯೋಜನೆಗಳಿಗೆ ಅನುದಾನವನ್ನೂ ಕೊಡುತ್ತದೆ. 2008ರಲ್ಲಿ ಆರಂಭವಾದ ಡಿ.ಬಿ.ಟಿ.-ವೆಲ್‌ಕಮ್ ಟ್ರಸ್ಟ್ ಇಂಡಿಯಾ ಅಲಯನ್ಸ್, ಚಿಕಿತ್ಸಕರಾಗಿಯೂ ಸಂಶೋಧಕರಾಗಿಯೂ ಮುಂದುವರಿಯಬಯಸುವವರಿಗೆ ಪ್ರತ್ಯೇಕ ಫೆಲೋಶಿಪ್ಪುಗಳನ್ನು ಏರ್ಪಡಿಸಿತು. ವೃತ್ತಿಸಂಘವೂ ತನ್ನ ಸದಸ್ಯರಿಗೆ ಸಣ್ಣ ಅನುದಾನಗಳನ್ನು ನೀಡುತ್ತದೆ. ಧನವೆಲ್ಲಿಂದ ಬರಲಿ, ನೀತಿಸಮಿತಿಯ ಅನುಮತಿ ಅನಿವಾರ್ಯ. 2009ರ ಜೂನ್‌ನಿಂದ ಔಷಧಪ್ರಯೋಗಗಳನ್ನು ರಾಷ್ಟ್ರೀಯ ನೋಂದಣಿಪಟ್ಟಿಯಲ್ಲಿ ದಾಖಲಿಸುವುದೂ ಕಡ್ಡಾಯವಾಗಿದೆ.

ಅಡಚಣೆಗಳು: ಪ್ರವೇಶಪರೀಕ್ಷೆಯಲ್ಲಿ ಅಗ್ರಸ್ಥಾನ ಪಡೆದವರು ಆರಿಸಿಕೊಳ್ಳುವ ಶಾಖೆಗಳಲ್ಲಿ ಚರ್ಮವೈದ್ಯವೂ ಒಂದು. ಆದರೆ ಲೇಸರ್, ಕೇಶಾರೋಪಣ ಮೊದಲಾದ ಸೌಂದರ್ಯಚಿಕಿತ್ಸೆಗಳಿಂದ ಖಾಸಗಿ ವೃತ್ತಿಯಲ್ಲಿ ದೊರೆಯುವ ಸಂಪಾದನೆ ಅಧ್ಯಾಪಕನ ವೇತನವನ್ನು ಸುಲಭವಾಗಿ ಮೀರುವುದರಿಂದ ಪ್ರತಿಭಾವಂತರಲ್ಲಿ ಅನೇಕರು ಕಾಲೇಜನ್ನು ಬಿಟ್ಟು ಹೊರಡುತ್ತಾರೆ. ಉಳಿದವರಿಗೆ ಮುಂಜಾನೆಯಿಂದ ಮಧ್ಯಾಹ್ನದವರೆಗಿನ ರೋಗಿಗಳ ಸರದಿಯ ತರುವಾಯ ಓದುವುದಕ್ಕೂ ಬರೆಯುವುದಕ್ಕೂ ವ್ಯವಧಾನ ಸಾಲದು. ಪದೋನ್ನತಿಗೆ ಪ್ರಕಟಣೆಗಳ ಎಣಿಕೆಯೇ ಆಧಾರವಾದಾಗ ಲೇಖನಗಳು ಹೆಚ್ಚುತ್ತವೆಯೇ ಹೊರತು ಜ್ಞಾನ ಹೆಚ್ಚುವುದಿಲ್ಲ. ಹಣ ಕೊಟ್ಟವರ ಬರಹವನ್ನೆಲ್ಲ ಅಚ್ಚುಹಾಕುವ ಪತ್ರಿಕೆಗಳು ಈ ದೋಷವನ್ನು ಬೆಳೆಸಿವೆ. ಎಂ.ಬಿ.ಬಿ.ಎಸ್. ಅಂತಿಮ ಪರೀಕ್ಷೆಯಲ್ಲಿ ಚರ್ಮವೈದ್ಯಕ್ಕೆ ಪ್ರತ್ಯೇಕ ಪತ್ರಿಕೆಯಿಲ್ಲದೆ ಅದು ಸಾಮಾನ್ಯ ವೈದ್ಯದಲ್ಲಿ ಅಂತರ್ಗತವಾಗಿರುವುದೂ ವಿದ್ಯಾರ್ಥಿಗಳ ಆಸಕ್ತಿ ತಡವಾಗಿ ಚಿಗುರಲು ಒಂದು ಕಾರಣ.

ಈ ಕ್ಷೇತ್ರದಲ್ಲಿ ರೋಗಿಗಳಿಗಾಗಲಿ ಪ್ರಶ್ನೆಗಳಿಗಾಗಲಿ ಅಭಾವವಿಲ್ಲ. ಅಭಾವವಿರುವುದು ಬಿಡುವಿಗೆ ಮತ್ತು ಕೈಹಿಡಿದು ನಡೆಸುವ ಗುರುಗಳಿಗೆ. ಸಂಶೋಧನೆಗೆಂದೇ ವಾರದಲ್ಲಿ ನಿಯತ ವೇಳೆಯನ್ನು ಅಧ್ಯಾಪಕರಿಗೆ ಕಾದಿಟ್ಟ ಕಾಲೇಜು ಮಾತ್ರ ತರುಣ ವೈದ್ಯರನ್ನು ಈ ವೃತ್ತಿಯಲ್ಲಿ ಉಳಿಸಿಕೊಳ್ಳಬಲ್ಲುದು. ಅಂತಹ ಅನುಕೂಲ ಒದಗುವ ತನಕ, ತನ್ನ ಊರಿನ ರೋಗವೊಂದನ್ನು ಆರಿಸಿಕೊಂಡು ಅದರ ದಾಖಲೆಗಳನ್ನು ವರ್ಷಾನುವರ್ಷ ಕ್ರಮವಾಗಿ ಇರಿಸಿ, ಎಂ.ಡಿ. ಪ್ರಬಂಧವನ್ನು ಕಪಾಟಿಗೆ ಬಿಡದೆ ಅಚ್ಚಿಗೆ ತರುವುದೇ ಹೊಸಬನಿಗೆ ಯೋಗ್ಯವಾದ ಮೊದಲ ಹೆಜ್ಜೆ.