ಕತ್ತಲೆಯ ಕಡತ

ಕಳಂಬೋಲಿಯ ಉಕ್ಕಿನ ಮಾರುಕಟ್ಟೆಯ ಬಳಿ ರಾತ್ರಿ ತಲೆಯೆತ್ತಿದರೆ ಆಕಾಶಗಂಗೆ ಕಾಣುವುದಿಲ್ಲ. ಹೆದ್ದಾರಿ, ಗೋದಾಮು, ಕಟ್ಟಡಗಳ ಬೆಳಕು ಮೇಲೆ ಚೆಲ್ಲಿ, ದೂಳಿಗೂ ತೇವಕ್ಕೂ ತಾಗಿ ಮರಳಿ ಬರುತ್ತದೆ. ಇಲ್ಲಿ ಕತ್ತಲೆ ಕಳೆದುಹೋಗಿದೆ ಎನ್ನುವುದು ಸುಲಭ. ಎಷ್ಟು ಕಳೆಯಿತೆಂದು ಹೇಳಬೇಕಾದರೆ ಮೊದಲು ಎಷ್ಟಿತ್ತೆಂಬ ಲೆಕ್ಕ ಬೇಕು. ಅಂಥ ಲೆಕ್ಕ ಇಟ್ಟ ಜಾಗಗಳಲ್ಲಿ ಲಡಾಖಿನ ಹಾನ್ಲೆ ಒಂದು.

1960ರ ದಶಕದಲ್ಲಿ ವೈನು ಬಪ್ಪು ಅವರು ತಮಿಳುನಾಡಿನ ಜವಾದಿ ಬೆಟ್ಟಗಳಲ್ಲಿ ಕಾವಲೂರನ್ನು ಆರಿಸಿ ವೀಕ್ಷಣಾಲಯ ಕಟ್ಟಿದರು. ಆದರೆ ಅಲ್ಲಿ ಎರಡೂ ಮುಂಗಾರು–ಹಿಂಗಾರುಗಳ ಮೋಡ. ಇನ್ನೂ ಎತ್ತರದ, ಒಣ ಆಕಾಶ ಹುಡುಕುತ್ತ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು 1990ರ ದಶಕದಲ್ಲಿ ಹಾನ್ಲೆ ತಲುಪಿದರು. ಸುಮಾರು 4,500 ಮೀಟರ್ ಎತ್ತರದ ಶೀತ ಮರುಭೂಮಿ ಅದು. 2000ದ ಸೆಪ್ಟೆಂಬರ್‌ನಲ್ಲಿ ಅಲ್ಲಿನ 2 ಮೀಟರ್ ದೂರದರ್ಶಕಕ್ಕೆ ಮೊದಲ ನಕ್ಷತ್ರಬೆಳಕು ಬಿತ್ತು. ಅದನ್ನು ನಡೆಸುವವರು ಕೂರುವುದು ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ. ಆಜ್ಞೆಯೂ ಚಿತ್ರವೂ ಉಪಗ್ರಹದ ಮೂಲಕ ಓಡಾಡುತ್ತವೆ.

ಕತ್ತಲೆ ಅಳೆಯುವ ಬಗೆ ಸರಳ. ಚಂದ್ರನಿಲ್ಲದ ರಾತ್ರಿಯ ಚಿತ್ರದಲ್ಲಿ ನಕ್ಷತ್ರವಿಲ್ಲದ ಒಂದು ತುಣುಕು ಆರಿಸಿ, ಕಾಂತಿ ಮೊದಲೇ ಗೊತ್ತಿರುವ ನಕ್ಷತ್ರದೊಡನೆ ಹೋಲಿಸುತ್ತಾರೆ. ಒಂದು ಚದರ ಆರ್ಕ್‌ಸೆಕೆಂಡ್ ಆಕಾಶಕ್ಕೆ ಇಷ್ಟು ಕಾಂತಿಮಾನ ಎಂದು ಉತ್ತರ ಬರುತ್ತದೆ. ಅಂಕಿ ಹೆಚ್ಚಿದಷ್ಟೂ ಕತ್ತಲೆ ಹೆಚ್ಚು. ಒಂದು ಅಂಕಿ ಇಳಿದರೆ ಆಕಾಶ ಸುಮಾರು ಎರಡೂವರೆ ಪಟ್ಟು ಬೆಳಗಿದಂತೆ. 2003ರಿಂದ 2008ರವರೆಗಿನ ಚಿತ್ರಗಳಿಂದ, ಹಸಿರು-ಹಳದಿ ಬೆಳಕಿನಲ್ಲಿ, ಹಾನ್ಲೆಗೆ ಸಿಕ್ಕ ಅಂಕಿ 21.28.

ಒಂದೇ ರಾತ್ರಿಯ ಅಳತೆ ಏಕೆ ಸಾಲದು? ಏಕೆಂದರೆ ಆಕಾಶ ತಾನಾಗಿಯೂ ಮಿನುಗುತ್ತದೆ. ಹಗಲು ಬಿಸಿಲು ಕುಡಿದ ಮೇಲ್ಪದರದ ಗಾಳಿ ರಾತ್ರಿ ನಸುಬೆಳಕು ಸೂಸುತ್ತದೆ. ಸುಮಾರು 11 ವರ್ಷಕ್ಕೊಮ್ಮೆ ಸೂರ್ಯ ಚುರುಕಾದಾಗ ಅದೂ ಹೆಚ್ಚುತ್ತದೆ. ಊರುಕೇರಿಯಿಲ್ಲದ ಅಂಟಾರ್ಕ್ಟಿಕಾದಲ್ಲೂ ತಪ್ಪಿಸಿಕೊಳ್ಳುವಂತಿಲ್ಲ. ಅಲ್ಲಿ ಇದರ ಜೊತೆಗೆ ಧ್ರುವಪ್ರಭೆಯನ್ನೂ ದೀರ್ಘ ಸಂಜೆಬೆಳಕನ್ನೂ ಲೆಕ್ಕದಲ್ಲಿ ಕಳೆಯಬೇಕು.

2022ರ ಡಿಸೆಂಬರ್‌ನಲ್ಲಿ ಹಾನ್ಲೆ ಸುತ್ತಲಿನ 1,073 ಚದರ ಕಿಲೋಮೀಟರ್ ಪ್ರದೇಶವನ್ನು ಲಡಾಖ್ ಆಡಳಿತ ಕತ್ತಲೆ ಆಕಾಶದ ಮೀಸಲು ಎಂದು ಸಾರಿತು. ಹಳ್ಳಿಯ ಯುವಕ ಯುವತಿಯರು ದೂರದರ್ಶಕ ಹಿಡಿದು ಪ್ರವಾಸಿಗರಿಗೆ ಆಕಾಶ ತೋರಿಸುತ್ತಾರೆ. ಪ್ರವಾಸಿಗರ ಹಿಂದೆಯೇ ಗಾಡಿಗಳೂ ದೀಪಗಳೂ ಬರುತ್ತವೆ. ಮುಂದೊಂದು ದಿನ ಆ ಅಂಕಿ ಇಳಿದರೆ, ಇಳಿಸಿದ್ದು ಸೂರ್ಯನೋ ದೀಪವೋ ಎಂದು ಹೇಳಲು ಆ ವರ್ಷಗಳ ಹಳೆಯ ಕಡತ ತೆರೆಯಬೇಕಾಗುತ್ತದೆ.